ಮೂವತ್ತು ಅಡಿ ದೂರದ ಬಾಯ್ಲರ್

ಎದ್ದು ಹೋಗಬೇಡಿ, ಇದನ್ನೊಂದು ಕೇಳಿಬಿಡಿ. ಪಾಪ, ಆ ಕನ್ನಡಕದ ಅಂಗಡಿಯವನು ಕೇಳಿದ್ದು ಒಂದೇ ಒಂದು ಬೆಚ್ಚಗಿನ ಮನೆ!

ಚಳಿ ಶುರುವಾದಾಗಿನಿಂದ ಅವನ ಹೆಂಡತಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಅಡುಗೆ ಮಾಡುತ್ತಿದ್ದಳು. ಅವತ್ತು ಬೆಳಿಗ್ಗೆ ಹೇಳಿಯೇಬಿಟ್ಟಳು.

“ನೋಡಿ, ಇವತ್ತು ರಾತ್ರಿಯೊಳಗೆ ಮನೆ ಬೆಚ್ಚಗಾಗ್ದಿದ್ರೆ ನಾನು ಅಕ್ಕನ ಮನೆಗೆ ಹೊರಟೆ. ಚಳಿಗಾಲ ಮುಗಿದ ಮೇಲೆ ಬರ್ತೀನಿ.”

ಹೆಂಡತಿ ಇಲ್ಲದ ಮನೆಯನ್ನು ನೆನೆಸಿಕೊಂಡೇ ಅವನಿಗೆ ಇನ್ನಷ್ಟು ಚಳಿಯಾಯಿತು. ಅಂಗಡಿಗೆ ರಜೆ ಹಾಕಿ, ಹಳೇ ಸಾಮಾನಿನವನ ಹತ್ತಿರ ಓಡಿ, ಒಂದು ಸೌದೆ ಬಾಯ್ಲರನ್ನು ಎಳೆದು ತಂದ. ಅಂಗಳದಲ್ಲಿಟ್ಟು ಬೆಂಕಿ ಹಾಕಿದರೆ ಸಾಕು, ನೀರು ಕಾದು, ಹಾಲ್ ಕಿಟಕಿಯಿಂದ ಒಳಗೆ ತೂರಿಸಿದ ಪೈಪುಗಳಲ್ಲಿ ಸುತ್ತಾಡಿ ಮನೆಯನ್ನೆಲ್ಲ ಬಿಸಿಮಾಡುತ್ತದೆ. ನೋಡುವುದಕ್ಕೆ ಟೋಪಿ ಹಾಕಿಕೊಂಡ ಎಮ್ಮೆಯ ಹಾಗಿತ್ತು. ಕಾಲಿಗೆ ನಾಲ್ಕು ಗಾಲಿ ಬೇರೆ.

ಬೆಂಕಿ ಹತ್ತಿತು. ಹೊಗೆಗೆ ಮಾತ್ರ ಬೆಂಕಿಗಿಂತ ಹೆಚ್ಚು ಉತ್ಸಾಹ. ಕಾಂಪೌಂಡ್ ಹಾರಿ ಬಲಗಡೆ ಮನೆಯ ಟೈಲರಮ್ಮ ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಮಾತಾಡಿಸಿಕೊಂಡು ಬಂತು.

“ಏನ್ರೀ ಕನ್ನಡಕದೋರೆ!” ಟೈಲರಮ್ಮ ಸೂಜಿ ಹಿಡಿದೇ ಓಡಿ ಬಂದಳು. “ಡಾಕ್ಟರಿಗೆ ಹೊಲಿದಿದ್ದ ಬಿಳಿ ಕೋಟು ಕಣ್ರೀ ಇದು. ಈಗ ವಕೀಲರಿಗೆ ಕೊಡೋ ಹಾಗಾಗಿದೆ!”

ಅವಳು ಫೋನ್ ಮಾಡಿದ್ದೇ ತಡ, ಪುರಸಭೆಯ ಹೊಗೆ ಇನ್ಸ್‌ಪೆಕ್ಟರ್ ಹಾಜರ್. ಸಣಕಲು ಹುಡುಗ, ಬೆಣ್ಣೆಯಂಥ ಮಾತು, ಕೈಯಲ್ಲಿ ಅಳತೆ ಟೇಪು.

“ತಪ್ಪು ತಿಳ್ಕೋಬೇಡಿ ಸರ್. ಹೊರಗಿಡೋ ಸೌದೆ ಬಾಯ್ಲರಿಗೆ ಈಗ ಹೊಸ ನಿಯಮ ಬಂದಿದೆ. ಹೊಗೆ ಎಲ್ಲಿಂದ ಬರತ್ತೋ ಆ ಜಾಗ ಅಕ್ಕಪಕ್ಕದವರ ಗೋಡೆಯಿಂದ ಮೂವತ್ತು ಅಡಿ ದೂರ ಇರ್ಬೇಕು. ಸಂಜೆಯೊಳಗೆ ಸರಿಮಾಡ್ಕೊಳ್ಳಿ, ಇಲ್ಲಾಂದ್ರೆ ಇದನ್ನ ಎತ್ಕೊಂಡು ಹೋಗ್ಬೇಕಾಗತ್ತೆ.”

ಕನ್ನಡಕದವನು ಏದುಸಿರು ಬಿಡುತ್ತ ಎಮ್ಮೆಯನ್ನು ಎಡಕ್ಕೆ ತಳ್ಳಿದ. ಎಡಗಡೆ ಮನೆಯ ರಿಟೈರ್ಡ್ ಲೆಕ್ಕದ ಮೇಷ್ಟ್ರು ಕೆಮ್ಮುತ್ತ ಹೊರಗೆ ಬಂದರು.

“ಏನಯ್ಯಾ, ನನ್ನ ಎದೆಗೂ ಒಂದು ಪೈಪ್ ಎಳೆದಿದೀಯಾ?”

ಗೇಟಿನ ಹತ್ತಿರಕ್ಕೆ ತಳ್ಳಿದ. ಎದುರುಗಡೆ ಬೇಕರಿಯವನು ರಸ್ತೆ ದಾಟಿ ಬಂದ. “ಸ್ವಾಮಿ, ನನ್ನ ಬ್ರೆಡ್ಡು ಒಲೆಗೆ ಹೋಗೋಕೆ ಮುಂಚೇನೇ ಸುಟ್ಟ ವಾಸನೆ ಹೊಡೀತಿದೆ!”

ಕನ್ನಡಕದವನು ಬಾಯ್ಲರಿಗೆ ಒರಗಿಕೊಂಡು ಕಣ್ಣೊರೆಸಿಕೊಂಡ. ಹೊಗೆಗೋ ದುಃಖಕ್ಕೋ ಗೊತ್ತಾಗಲಿಲ್ಲ. “ರಾತ್ರಿಯೊಳಗೆ ಮನೆ ಬಿಸಿಯಾಗ್ದಿದ್ರೆ ಇವಳು ಹೊರಟುಹೋಗ್ತಾಳೆ ಮೇಷ್ಟ್ರೇ…”

ಅಷ್ಟೇ, ಎಲ್ಲರ ಮನಸ್ಸೂ ಕರಗಿಹೋಯಿತು.

“ಅಳಬೇಡಯ್ಯಾ, ಇದು ಬರೀ ಜ್ಯಾಮಿತಿ!” ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. ಮೂವತ್ತು ಅಡಿ ಹಗ್ಗ ಬಂತು. ಟೈಲರಮ್ಮ ಒಂದು ತುದಿ ಹಿಡಿದಳು, ಮೇಷ್ಟ್ರು ಇನ್ನೊಂದು ತುದಿಯಲ್ಲಿ ಸೀಮೆಸುಣ್ಣ ಹಿಡಿದು ಮೂರೂ ಗೋಡೆಗಳಿಂದ ಗೆರೆ ಎಳೆಯುತ್ತ ಹೋದರು. ಸುಣ್ಣ ಮುಗಿದಾಗ ಬೇಕರಿಯವನು ಮೈದಾ ತಂದುಕೊಟ್ಟ. ಅಂಗಳವೆಲ್ಲ ಕಪ್ಪುಹಲಗೆಯಾಯಿತು. ಕೊನೆಗೆ ಎಲ್ಲ ಗೆರೆಯಾಚೆ ಉಳಿದದ್ದು ಒಂದೇ ಒಂದು ಜಾಗ.

“ಅದು ನಮ್ಮ ಹಾಲ್ ಕಿಟಕಿ ಕೆಳಗಲ್ವಾ?” ಎಂದ ಕನ್ನಡಕದವನು.

“ನಿಯಮದಲ್ಲಿ ಅಕ್ಕಪಕ್ಕದವರ ಗೋಡೆ ಅಂತಿದೆ ಸರ್,” ಎಂದ ಇನ್ಸ್‌ಪೆಕ್ಟರ್. “ನಿಮ್ಮ ಗೋಡೆ ನಿಮ್ಮಿಷ್ಟ.”

ಎಲ್ಲರೂ ಸೇರಿ ತಳ್ಳಿದರು. ಇನ್ಸ್‌ಪೆಕ್ಟರೂ ಹೆಗಲು ಕೊಟ್ಟ. ಬಾಯ್ಲರಿನ ಹೊಟ್ಟೆಗೆ ಸೀಲು ಒತ್ತಿ, “ಇನ್ನು ಇಲ್ಲಿಂದ ಒಂದಿಂಚೂ ಅಲ್ಲಾಡಿಸೋ ಹಾಗಿಲ್ಲ ಸರ್” ಎಂದು ಕೈಕುಲುಕಿದ. ಬೇಕರಿಯವನು ಬನ್ನು ಹಂಚಿದ.

ಸಂಜೆ ಬೆಂಕಿ ಹಾಕಿದರು. ಹೊಗೆ ನೆಟ್ಟಗೆ ಮೇಲೆದ್ದು, ಕಿಟಕಿ ಮೇಲಿನ ಸಜ್ಜಾಗೆ ತಲೆ ಬಡಿಸಿಕೊಂಡು, ತಿರುಗಿ ಕಿಟಕಿಯಿಂದ ಒಳಗೆ ನುಗ್ಗಿತು. ಪೈಪುಗಳಿದ್ದುದರಿಂದ ಕಿಟಕಿ ಮುಚ್ಚುವ ಹಾಗಿಲ್ಲ. ನೋಡುನೋಡುತ್ತಲೇ ಹಾಲ್ ಮಾಯ, ರೂಮ್ ಮಾಯ, ಅಡುಗೆಮನೆಯೂ ಮಾಯ.

“ರೀ, ಎಲ್ಲಿದೀರಾ?”

“ಇಲ್ಲೇ ಇದೀನಿ ಕಣೇ! ಮನೆ ಬೆಚ್ಚಗಾಯ್ತಲ್ಲಾ?”

“ಬೆಚ್ಚಗೇನೋ ಆಯ್ತು. ಆದ್ರೆ ಮನೆ ಎಲ್ಲಿ?”

ಅವನು ತಡಕಾಡಿಕೊಂಡು ಹೋಗಿ ಅಡುಗೆಮನೆ ಕಿಟಕಿ ತೆರೆದ. ಹೊಗೆ ಬಿಡುಗಡೆಯಾದ ಖುಷಿಯಲ್ಲಿ ಸೀದಾ ಟೈಲರಮ್ಮನ ಗೋಡೆಗೆ ಹೋಗಿ ತಬ್ಬಿಕೊಂಡಿತು.

ಗೇಟಿನ ಹತ್ತಿರ ಬನ್ನು ತಿನ್ನುತ್ತಿದ್ದ ಇನ್ಸ್‌ಪೆಕ್ಟರ್ ಅದನ್ನು ನೋಡಿದ. ಅಡುಗೆಮನೆ ಕಿಟಕಿಯಿಂದ ಟೈಲರಮ್ಮನ ಗೋಡೆಯವರೆಗೂ ಟೇಪು ಹಿಡಿದ. ಅವನ ಮುಖ ಸಪ್ಪಗಾಯಿತು.

“ಸರ್, ಬಾಯ್ಲರ್ ಬಗ್ಗೆ ನಮ್ಮದೇನೂ ತಕರಾರಿಲ್ಲ. ಅದು ಇರಬೇಕಾದ ಜಾಗದಲ್ಲೇ ಇದೆ.”

“ಮತ್ತೇನಪ್ಪಾ?”

“ಈಗ ಹೊಗೆ ಬರ್ತಿರೋದು ಮನೆಯಿಂದ. ಅದು ಗೋಡೆಗೆ ಬರೀ ಹತ್ತಡಿ ದೂರದಲ್ಲಿದೆ. ನೀವು ಮನೇನ ಇಪ್ಪತ್ತಡಿ ಆ ಕಡೆ ಸರಿಸ್ಬೇಕಾಗತ್ತೆ.”

“ಆ ಕಡೆ ಅಂದ್ರೆ ನನ್ನ ಹಾಸಿಗೆ ಮೇಲೇ ಬರತ್ತಲ್ಲಯ್ಯಾ!” ಎನ್ನುತ್ತ ಮೇಷ್ಟ್ರು ಉತ್ಸಾಹದಿಂದ ಮತ್ತೆ ಹಗ್ಗ ತರಲು ಓಡಿದರು.

ಅಷ್ಟರಲ್ಲಿ ಹೊಗೆಯೊಳಗಿಂದ ಹೆಂಡತಿ ಬ್ಯಾಗ್ ಹಿಡಿದು ಕೆಮ್ಮುತ್ತ ಗೇಟಿನ ಕಡೆ ಹೊರಟಳು. ಇತ್ತ ಇನ್ಸ್‌ಪೆಕ್ಟರ್ ನೋಟಿಸ್ ಬರೆಯಲು ಪೆನ್ನಿನ ಮುಚ್ಚಳ ತೆಗೆದ. ಕನ್ನಡಕದವನು ಇಬ್ಬರ ನಡುವೆ ನಿಂತು ಅವಳನ್ನೊಮ್ಮೆ ನೋಡುತ್ತಾನೆ, ಇವನನ್ನೊಮ್ಮೆ ನೋಡುತ್ತಾನೆ. ನೀವೇ ಹೇಳಿ, ನೀವಾಗಿದ್ದರೆ ಮೊದಲು ಯಾರ ಕಾಲು ಹಿಡಿಯುತ್ತಿದ್ದಿರಿ?