ಭಾವನ ಕಾರು, ಅಕ್ಕನ ಹೊಟ್ಟೆ

ಕರೆದರೂ ನನ್ನ ಭಾವನ ಕಾರು ಹತ್ತದವರು ಇಡೀ ಉಡುಪಿ ಜಿಲ್ಲೆಯಲ್ಲಿ ಮೊನ್ನೆ ಮೊನ್ನೆಯವರೆಗೆ ಇದ್ದದ್ದು ಇಬ್ಬರೇ. ಒಬ್ಬ ಕಾರ್ಕಳದ ಗೊಮ್ಮಟ. ಇನ್ನೊಬ್ಬಳು ನನ್ನ ಅಕ್ಕ. ಗೊಮ್ಮಟನದ್ದಾದರೂ ಸರಿ, ಅವನಿಗೆ ಕೂತು ಅಭ್ಯಾಸವಿಲ್ಲ. ಆದರೆ ಅಕ್ಕ? ಅವಳು ಸ್ವತಃ ಭಾವನ ಹೆಂಡತಿ! ಕಾರು ನಿಲ್ಲುವುದು ಕಾಪುವಿನಲ್ಲಿ ಅವಳ ಅಡುಗೆಮನೆಯ ಕಿಟಕಿಯ ಕೆಳಗೆ. ಅದಕ್ಕೆ ಕರೆಂಟು ಕುಡಿಸುವ ವಯರು ಹೋಗುವುದು ಅವಳ ಗ್ರೈಂಡರಿನ ಪಕ್ಕದಿಂದ. ಅಷ್ಟಿದ್ದೂ ಅವಳು ಆ ಕಾರಿನ ಬಾಗಿಲು ಮುಟ್ಟುತ್ತಿರಲಿಲ್ಲ.

ಅಕ್ಕನ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಅವಳಿಗೆ ವಾಹನ ಆಗಿಬರುವುದಿಲ್ಲ. ಪೆಟ್ರೋಲಿನ ವಾಸನೆ, ಡೀಸೆಲಿನ ಹೊಗೆ, ಸೀಟಿನ ರೆಕ್ಸಿನ್ನು, ಮುಂದಿನ ಸೀಟಿನವರು ಮುಡಿದ ಮಲ್ಲಿಗೆ, ಯಾವುದಾದರೂ ಒಂದು ಸಾಕು. ಮದುವೆಯ ದಿನ ಕಾರ್ಕಳದಿಂದ ಕಾಪುವಿಗೆ ಶೃಂಗಾರ ಮಾಡಿದ ಕಾರಿನಲ್ಲಿ ಹೊರಟವಳು ಬೆಳ್ಮಣ್ಣು ದಾಟುವುದರೊಳಗೆ ಮದುಮಗನ ಹೊಸ ಶಲ್ಯವನ್ನು... ಹೋಗಲಿ, ಶುಭಕಾರ್ಯದ ಮಾತು, ವಿವರ ಬೇಡ. ಆ ಶಲ್ಯವನ್ನು ಭಾವ ತಾವೇ ಒಗೆದು ಒಣಗಿಸಿದರಂತೆ. ನಮ್ಮ ಕಡೆಯವರೆಲ್ಲ ಅವರನ್ನು ಮೆಚ್ಚಿಕೊಂಡದ್ದು ಅಂದಿನಿಂದಲೇ.

ಆಮೇಲೆ ಭಾವ ಮಸ್ಕತ್ತಿಗೆ ಕೆಲಸಕ್ಕೆ ಹೋದರು. ರಜೆ ಮುಗಿದು ಹೊರಡುವಾಗ ಬೇರೆಯವರ ಹೆಂಡಂದಿರು ವಿಮಾನ ನಿಲ್ದಾಣದವರೆಗೆ ಹೋಗಿ ಕಣ್ಣೊರೆಸಿಕೊಂಡರೆ, ಅಕ್ಕ ಮನೆಯ ಗೇಟಿನಲ್ಲೇ ಆ ಕೆಲಸ ಮುಗಿಸುತ್ತಿದ್ದಳು. ಇನ್ನು ತವರಿಗೆ, ಅಂದರೆ ಅಮ್ಮನೂ ನಾನೂ ಇರುವ ಕಾರ್ಕಳದ ಮನೆಗೆ, ಬರುವುದೇ ವರ್ಷಕ್ಕೆ ಒಂದೆರಡು ಸಲ. ಬಸ್ಸಿನ ಕಿಟಕಿಯ ಸೀಟು, ಒಂದು ಕೈಯಲ್ಲಿ ಮೂಸುವುದಕ್ಕೆ ಲಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ಬಂದವಳು ಯಾರ ಮುಖವನ್ನೂ ನೋಡದೆ ನೇರ ಒಳಗೆ ಹೋಗಿ ಮಲಗುತ್ತಾಳೆ. ಅಮ್ಮ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತಾಳೆ. ಸಂಜೆ ಎದ್ದು ಎರಡು ಮಾತಾಡುವಷ್ಟರಲ್ಲಿ ನಾಳೆಯ ಬಸ್ಸಿನ ಯೋಚನೆಗೇ ಪುನಃ ಹೊಟ್ಟೆ ತೊಳೆಸಲು ಶುರು. ಅಮ್ಮನಿಗೋ ಈಗ ಪ್ರಯಾಣ ಆಗುವುದಿಲ್ಲ, ಮಂಡಿ ನೋವು. ಹೀಗೆ ತಾಯಿ ಮಗಳು ಒಂದೇ ಜಿಲ್ಲೆಯಲ್ಲಿದ್ದೂ ಫೋನಿನಲ್ಲೇ ಮುದುಕಿಯರಾಗುತ್ತಿದ್ದರು. ಭಾವನಿಗೆ ಇದ್ದ ದೊಡ್ಡ ಸಂಕಟ ಇದೇ.

ಪೆಟ್ರೋಲ್ ಬಾವಿಗಳ ನಾಡಿನಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯ ಊರಿಗೆ ಬಂದು ಕರೆಂಟಿನ ಕಾರಿಗೆ ಮರುಳಾದದ್ದು ಹೇಗೆ ಎಂದು ಕಾಪುವಿನವರಿಗೆಲ್ಲ ಆಶ್ಚರ್ಯ. ಆ ಕಾರಿನಲ್ಲಿ ವಾಸನೆ ಇಲ್ಲ, ಹೊಗೆ ಇಲ್ಲ, ಇಂಜಿನಿನ ನಡುಕ ಇಲ್ಲ ಎಂದು ಯಾರೋ ಹೇಳಿದ್ದೇ ತಡ, ಭಾವ ಬುಕ್ ಮಾಡಿ ಬಂದಿದ್ದರು. ನನಗೆ ಫೋನು ಬಂತು.

"ಇನ್ನು ನಿನ್ನ ಅಕ್ಕ ವಾರ ವಾರ ಕಾರ್ಕಳಕ್ಕೆ ಬರ್ತಾಳೆ ನೋಡು. ನಿನಗೇ ಬೇಜಾರಾಗಬೇಕು, ಅಷ್ಟು ಬರ್ತಾಳೆ!"

ಕಾರು ಬಂದ ದಿನ ಪೂಜೆಗೆ ನಾನೂ ಹೋಗಿದ್ದೆ. ನಾಲ್ಕು ಚಕ್ರದ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟರು. ಅಕ್ಕ ಐದನೆಯದನ್ನು ತನ್ನ ಕೈಗೆ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಉದ್ಯಾವರದ ಸೇತುವೆಯವರೆಗೆ ಹೋಗಿಬರುವುದು ಎಂದು ತೀರ್ಮಾನ. ಈ ಕಾರಿನದ್ದೊಂದು ಗುಣವುಂಟು. ಆಕ್ಸಿಲರೇಟರಿನಿಂದ ಕಾಲು ಎತ್ತಿದ ಕೂಡಲೇ ಅದು ತನ್ನಷ್ಟಕ್ಕೆ ತಡೆದುಕೊಂಡು ನಿಧಾನವಾಗುತ್ತದೆ, ಹಾಗೆ ತಡೆಯುವಾಗ ಒಂದಿಷ್ಟು ಕರೆಂಟು ಹುಟ್ಟಿ ಬ್ಯಾಟರಿಗೆ ವಾಪಸ್ಸು ಹೋಗುತ್ತದೆ. ತಡೆ ಎಷ್ಟು ಗಟ್ಟಿ ಇರಬೇಕೆಂದು ನಾವೇ ಇಟ್ಟುಕೊಳ್ಳಬಹುದು. ಪುಕ್ಕಟೆ ಕರೆಂಟು! ಭಾವ ಬಿಡುತ್ತಾರಾ? ಎಲ್ಲಕ್ಕಿಂತ ಗಟ್ಟಿಗೆ ಇಟ್ಟರು. ಕಾಲು ಒತ್ತುವುದು, ಎತ್ತುವುದು. ಒತ್ತುವುದು, ಎತ್ತುವುದು. ನಮ್ಮ ತಲೆಗಳು ಹಿಂದೆ ಹೋಗುವುದು, ಮುಂದೆ ಬರುವುದು.

"ಕಂಡೆಯಾ, ಕರೆಂಟು ಬಂತು! ಇಕೋ, ಪುನಃ ಬಂತು!" ಎಂದು ಭಾವ ಪರದೆ ತೋರಿಸುತ್ತಿದ್ದರು.

ಕಟಪಾಡಿ ತಲುಪುವಾಗ ಅಕ್ಕನಿಗೂ ಬಂತು. ಇಳಿದು, ಬಾಯಿ ತೊಳೆದು, ಸೆರಗು ಸರಿಮಾಡಿಕೊಂಡು ಅವಳು ಹೇಳಿದ್ದು ಇಷ್ಟೇ.

"ಪೆಟ್ರೋಲಿನ ಕಾರಿನಲ್ಲಿ ಕಾರ್ಕಳದಿಂದ ನಿಟ್ಟೆವರೆಗಾದರೂ ತಡೀತಿತ್ತು. ಇದು ಎಂತ ಕಾರು ಮಾರಾಯ್ರೆ! ಇನ್ನು ನನ್ನನ್ನು ಇದಕ್ಕೆ ಕರೀಬೇಡಿ."

ಹೇಳಿ, ಸರ್ವೀಸ್ ರೋಡಿನಲ್ಲಿ ಕಾಪುವಿನ ಕಡೆ ನಡೆಯಲು ಶುರು ಮಾಡಿದಳು. ಹೂವಿನ ಹಾರ ಹಾಕಿಕೊಂಡ ಹೊಸ ಕಾರು ಒಂದಿಷ್ಟೂ ಸದ್ದಿಲ್ಲದೆ ಅವಳ ಹಿಂದಿನಿಂದ ತೆವಳುತ್ತಾ ಬಂತು. ಒಳಗೆ ಭಾವ, ಹಿಂದಿನ ಸೀಟಿನಲ್ಲಿ ನಾನು. ಅಕ್ಕ ಒಂದು ಸಲವೂ ತಿರುಗಿ ನೋಡಲಿಲ್ಲ.

ಅಂದಿನಿಂದ ಭಾವನಿಗೆ ಹುಚ್ಚು ಹಿಡಿಯಿತು. ಕಾರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದವರನ್ನೂ ಒಳಗೆ ಕೂರಿಸಿ ಒಂದು ಸುತ್ತು ಹೊಡೆಸುವುದು, ಇಳಿಯುವಾಗ ಅವರ ಹೊಟ್ಟೆಯ ವಿಚಾರಣೆ ಮಾಡುವುದು. "ಹೊಟ್ಟೆ ಹೇಗುಂಟು? ಸ್ವಲ್ಪ ಸಹ ತೊಳೆಸಲಿಲ್ವಾ? ನಾಚಿಕೆ ಮಾಡಬೇಡಿ, ಸತ್ಯ ಹೇಳಿ!" ಡಾಕ್ಟರು ಸಹ ಅಷ್ಟು ಕೇಳಲಿಕ್ಕಿಲ್ಲ. ಬೇರೆಯವರಿಗೆ ಒಗ್ಗಿದರೆ ಅಕ್ಕನಿಗೂ ಒಂದು ದಿನ ಒಗ್ಗೀತು ಎಂಬುದು ಅವರ ಆಸೆ.

ಉಡುಪಿಯಲ್ಲಿ ಒಂದು ಮದುವೆ ಹಾಲ್‌ನ ಹೊರಗೆ ಭಾವ ಕಾರು ನಿಲ್ಲಿಸಿದ್ದಾಗ, ಮದುವೆಗೆ ಬಂದ ಒಬ್ಬ ಹಿರಿಯರು ಸುಮ್ಮನೆ ಇರಲಾರದೆ ಕೇಳಿದರಂತೆ. "ಇದಕ್ಕೆ ಶಬ್ದವೇ ಇಲ್ವಾ?"

ಮುಗಿಯಿತು! ಮುಹೂರ್ತಕ್ಕೆ ಇನ್ನೂ ಹೊತ್ತುಂಟು, ಐದು ನಿಮಿಷ ಕೂತುಕೊಳ್ಳಿ ಎಂದು ಕರೆದುಕೊಂಡು ಹೋದರು. ಬ್ಯಾಟರಿಯ ಕತೆ ಬಲಾಯಿಪಾದೆಯಲ್ಲಿ ಶುರುವಾಗಿ, ಮಳೆಗಾಲದಲ್ಲಿ ಶಾಕ್ ಹೊಡೆಯುವುದಿಲ್ಲ ಎಂಬಲ್ಲಿಗೆ ಬರುವಾಗ ಇಬ್ಬರೂ ಕಾಪುವಿನ ನಮ್ಮ ಅಕ್ಕನ ಮನೆಯ ಅಂಗಳದಲ್ಲಿದ್ದರು. ಅತ್ತ ಮದುವೆ ಆಯಿತು, ಊಟದ ಪಂಕ್ತಿಯೂ ಎದ್ದಿತು. ಅಕ್ಕ ಪಾಪ ಎಂದು ಸಾರು, ಪಲ್ಯ ಮಾಡಿ ಬಡಿಸಿದಳು. ಆ ಹಿರಿಯರು ಹೊರಡುವಾಗ ಮದುಮಕ್ಕಳಿಗೆಂದು ತಂದಿದ್ದ ಗೋಡೆ ಗಡಿಯಾರವನ್ನು ಅಕ್ಕನ ಕೈಯಲ್ಲಿಟ್ಟರು. "ಊಟ ಮಾಡಿದ ಮನೆಗೆ ಕೊಡುವುದು ಕ್ರಮ ಅಲ್ವಾ?" ಎಂದರಂತೆ. ಆ ಗಡಿಯಾರ ಈಗಲೂ ಅಕ್ಕನ ಮನೆಯಲ್ಲಿ ಸರಿಯಾಗಿ ನಡೆಯುತ್ತಿದೆ.

ನಾನು ಕೆಲಸ ಮಾಡುವುದು ಮಣಿಪಾಲದಲ್ಲಿ. ನನ್ನ ಆಫೀಸಿನವರನ್ನಾದರೂ ಭಾವ ಬಿಟ್ಟರಾ? ಮಣಿಪಾಲದಿಂದ ಉಡುಪಿಗೆ ಇಳಿಜಾರು ನೋಡಿ, ಇಳಿಯುವಾಗ ಬ್ಯಾಟರಿ ಖರ್ಚಾಗುವ ಬದಲು ಕೂಡುತ್ತದೆ. ಇದನ್ನು ತೋರಿಸಲಿಕ್ಕಾಗಿಯೇ ಅವರು ಕಾಪುವಿನಿಂದ ಮಣಿಪಾಲಕ್ಕೆ ಹತ್ತಿ ಬರುತ್ತಾರೆ! ನನ್ನ ಗೆಳತಿಯರು ಹಿಂದಿನ ಸೀಟಿನಲ್ಲಿ ಕೂತು, "ಅಂಕಲ್, ಹೆಚ್ಚಾಯ್ತು! ಇನ್ನೂ ಹೆಚ್ಚಾಯ್ತು!" ಎಂದು ಚಪ್ಪಾಳೆ ತಟ್ಟಿದರು. ನಾನು ಸುಮ್ಮನಿರಲಾರದೆ ಕೇಳಿದೆ.

"ಭಾವ, ಹತ್ತುವಾಗ ಖರ್ಚಾದದ್ದು?"

"ನೀನು ಯಾವಾಗಲೂ ಬೇಡದ ಪ್ರಶ್ನೆ ಕೇಳುವುದು," ಎಂದು ಕನ್ನಡಿಯಲ್ಲೇ ಗದರಿಸಿದರು. ಕಲ್ಸಂಕದಲ್ಲಿ ಇಳಿಯುವಾಗ ಎಲ್ಲರ ಹೊಟ್ಟೆಯ ವಿಚಾರಣೆಯೂ ಆಯಿತು. ಹುಡುಗಿಯರ ಹೊಟ್ಟೆಗೆ ಎಂತ ಆಗ್ತದೆ? ಅವರು ಗಡ್‌ಬಡ್ ಐಸ್‌ಕ್ರೀಮ್ ತಿನ್ನಲು ಹೋದರು. ಭಾವನ ಮುಖ ಮಾತ್ರ ಸಪ್ಪಗಾಗಿತ್ತು.

"ಎಲ್ಲರಿಗೂ ಆಗ್ತದೆ ಮಾರಾಯ್ತಿ. ಅವಳಿಗೆ ಮಾತ್ರ ಯಾಕೆ ಆಗುದಿಲ್ಲ? ಅಮ್ಮ ಮೊನ್ನೆ ಫೋನಿನಲ್ಲಿ ಕೇಳಿದ್ರಂತೆ, ಈ ಸಲ ಬರ್ತೀಯಾ ಇಲ್ವಾ ಅಂತ. ಇವಳು ಫೋನು ಇಟ್ಟು ಒಂದು ಗಂಟೆ ತೆಂಗಿನಕಾಯಿ ತುರಿಯುತ್ತಾ ಇದ್ದಳು. ಒಂದು ಕಾಯಿ ತುರೀಲಿಕ್ಕೆ ಒಂದು ಗಂಟೆ ಬೇಕಾ?"



ದಾರಿ ತೋರಿಸಿದವರು ಉದ್ಯಾವರದ ಒಬ್ಬ ಬಾಯಮ್ಮ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವರು, ಗಟ್ಟಿ ಗಂಟಲು, ಗಟ್ಟಿ ಅಭಿಪ್ರಾಯ. ಮಗ ದುಬೈಯಿಂದ ಫೋನು ಮಾಡಿ ಕರೆಂಟಿನ ಕಾರು ತೆಗೆಯುವಾ ಎಂದಿದ್ದನಂತೆ, ಅದಕ್ಕೆ ನೋಡಲು ಬಂದಿದ್ದರು. ಭಾವ ಸಂತೋಷದಿಂದ ಕಾಪು ಬೀಚಿನವರೆಗೆ ಕರೆದುಕೊಂಡು ಹೋದರು. ದೀಪಸ್ತಂಭದ ಹತ್ತಿರ ಬಾಯಮ್ಮ ಬಾಗಿಲು ತೆರೆದು ಕೆಳಗೆ ಕೂತುಬಿಟ್ಟರು.

"ಸಾಯ್ಬಾ, ದೇವರೇ! ನಿಮ್ಮ ಕರೆಂಟು ಉಳಿಸ್ಲಿಕ್ಕೆ ಹೋಗಿ ನನ್ನ ಜೀವ ಹೋಯ್ತು ಮಾರಾಯ್ರೆ!"

ಬೇರೆ ಯಾರಾದರೂ ಆಗಿದ್ದರೆ ಅವಮಾನ ಪಡುತ್ತಿದ್ದರು. ಭಾವನ ಮುಖ ಅರಳಿತು! ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, ಅವರ ಎದುರು ಮರಳಿನಲ್ಲೇ ಕೂತರು. "ಬಾಯಮ್ಮ, ನಿಮಗೂ ಬಸ್ಸಿನಲ್ಲಿ ಆಗುದಿಲ್ವಾ? ಎಲ್ಲಿಂದ ಶುರುವಾಯ್ತು? ನಾನು ಕಾಲು ಎತ್ತುವಾಗಲಾ, ಒತ್ತುವಾಗಲಾ?"

"ಎತ್ತುವಾಗ! ಹೊಟ್ಟೆ ಮುಂದೆ ಹೋಗ್ತದೆ, ನಾನು ಹಿಂದೆ ಉಳೀತೇನೆ. ಆ ತಡೆಯುವುದನ್ನು ತೆಗೀಲಿಕ್ಕೆ ಆಗುದಿಲ್ವಾ?"

ತೆಗೆಯಬಹುದಿತ್ತು. ಮೊದಲ ದಿನದಿಂದಲೂ ತೆಗೆಯಬಹುದಿತ್ತು. ಆದರೆ ತೆಗೆದರೆ ಪುಕ್ಕಟೆ ಕರೆಂಟು ಹೋಯಿತು, ಚಪ್ಪಾಳೆ ಹೋಯಿತು, ಮಣಿಪಾಲದ ಇಳಿಜಾರಿನ ಪ್ರದರ್ಶನವೂ ಹೋಯಿತು! ಭಾವ ಅಲ್ಲೇ ಕಾರಿನೊಳಗೆ ಕೂತು ಎಲ್ಲಕ್ಕಿಂತ ಗಟ್ಟಿಗೆ ಇಟ್ಟಿದ್ದ ತಡೆಯನ್ನು ಸೊನ್ನೆಗೆ ತಂದರು. ಆಮೇಲೆ ಅವರ ತಾಲೀಮು ಶುರುವಾಯಿತು. ದಿನಾ ಬೆಳಿಗ್ಗೆ ಬಾಯಮ್ಮನನ್ನು ಚರ್ಚಿಗೆ ಬಿಡುವುದು, ಕರೆತರುವುದು. ಕಾಲು ಹೇಗೆ ಇಡಬೇಕು, ಹಂಪ್ ಹೇಗೆ ದಾಟಬೇಕು, ಲಾರಿ ಅಡ್ಡ ಬಂದರೆ ಹೇಗೆ ಮೆಲ್ಲ ನಿಲ್ಲಬೇಕು ಎಂದು ಬಾಯಮ್ಮ ಪಕ್ಕದಲ್ಲಿ ಕೂತು ಹೇಳಿಕೊಡುವುದು. ಅವರಿಗೆ ಡ್ರೈವಿಂಗ್ ಬರುವುದಿಲ್ಲ, ವಾಂತಿ ಬರುತ್ತದೆ. ಅಷ್ಟೇ ಬೇಕಾಗಿದ್ದದ್ದು.

ಒಂದು ಬೆಳಿಗ್ಗೆ ಬಾಯಮ್ಮ ಚರ್ಚಿನಿಂದ ನೇರ ಅಕ್ಕನ ಅಡುಗೆಮನೆಗೆ ಬಂದು ನಿಂತರಂತೆ. "ನೋಡಿ, ನಾನು ಇಷ್ಟು ದಿನ ಕೂತೆ, ಏನೂ ಆಗ್ಲಿಲ್ಲ. ಇವತ್ತು ದಾರಿಯಲ್ಲಿ ಕಡ್ಲೆ ಸಹ ತಿಂದೆ!" ಎಂದರು. ಭಾವನ ಮಾತನ್ನು ಅಕ್ಕ ನಂಬುವುದಿಲ್ಲ. ಎಷ್ಟೋ ವರ್ಷಗಳಿಂದ ನಂಬಿ ಸಾಕಾಗಿತ್ತು. ವಾಂತಿ ಮಾಡುವವರ ಮಾತನ್ನು ಮಾತ್ರ ನಂಬುತ್ತಾಳೆ. ಒಲೆ ಸಣ್ಣ ಮಾಡಿ, "ಭಾನುವಾರ ಕಾರ್ಕಳಕ್ಕೆ ಹೋಗಿ ನೋಡುವಾ," ಎಂದಳು.

ಆ ಭಾನುವಾರ ಅಮ್ಮ ಬೆಳಿಗ್ಗೆಯೇ ಒಳಕೋಣೆಯಲ್ಲಿ ಹಾಸಿಗೆ ಹಾಸಿದಳು. ಗಂಜಿಗೆ ಇಟ್ಟಳು. ಅಕ್ಕ ಬರುವ ದಿನ ನಮ್ಮಲ್ಲಿ ಬೇರೆ ಅಡುಗೆ ಇಲ್ಲ, ಪ್ರಯಾಣ ಮಾಡಿ ಬಂದವಳಿಗೆ ಅಂದು ಮೀನಿನ ವಾಸನೆಯೂ ಆಗುವುದಿಲ್ಲ. ಆಮೇಲೆ ನಾವಿಬ್ಬರೂ ಒಳಗೆ ಕೂತು ಕಾರಿನ ಶಬ್ದಕ್ಕೆ ಕಿವಿಕೊಟ್ಟೆವು. ಒಂದು ಲಾರಿ ಹೋಯಿತು. ಬೈಕುಗಳು ಹೋದವು. ಬರಬೇಕಾದ ಹೊತ್ತು ಆಗಲೇ ದಾಟಿತು.

"ದಾರಿಯಲ್ಲಿ ಇಳಿದು ನಡೀಲಿಕ್ಕೆ ಶುರು ಮಾಡಿರಬೇಕು, ಪಾಪ," ಎಂದಳು ಅಮ್ಮ.

ನೋಡಿ ಬರೋಣ ಎಂದು ನಾನು ಹೊರಗೆ ಬಂದೆ. ಎಂಥ ದಡ್ಡರು ನಾವು! ಶಬ್ದವೇ ಇಲ್ಲದ ಕಾರಿಗೆ ಕಿವಿಕೊಟ್ಟು ಕೂತಿದ್ದೆವು! ಕಾರು ಅಂಗಳದಲ್ಲಿ ನಿಂತಿದೆ, ಎಷ್ಟು ಹೊತ್ತಿನಿಂದಲೋ. ಭಾವ ಅದರ ಮುಂದೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾರೆ.

"ಎಂತ ಆಯ್ತು ಭಾವ? ವಾಂತಿಯಾ?"

"ಶ್! ಮಲಗಿದ್ದಾಳೆ."

"ತಲೆ ತಿರುಗಿಯಾ?"

"ಅಲ್ಲ ಮಾರಾಯ್ತಿ. ನಿದ್ದೆ. ಬರೀ ನಿದ್ದೆ. ನಿಟ್ಟೆ ದಾಟಿದ ಮೇಲೆ ಗೊರಕೆ ಸಹ ಹೊಡೆದಳು."

ಅಷ್ಟರಲ್ಲಿ ಪಕ್ಕದ ಮನೆಯವರು ಆವರಣದ ಗೋಡೆಯ ಮೇಲಿನಿಂದ ಕತ್ತು ಚಾಚಿದರು. "ಓ, ಇದಾ ಕರೆಂಟಿನ ಕಾರು? ಒಂದು ಚಾರ್ಜಿಗೆ ಎಷ್ಟು ದೂರ ಹೋಗ್ತದೆ?" ಎಂಥ ಪ್ರಶ್ನೆ! ಬೇರೆ ದಿನವಾಗಿದ್ದರೆ ಆ ಮನುಷ್ಯ ಸಂಜೆಯೊಳಗೆ ಕಾಪುವಿನಲ್ಲಿರುತ್ತಿದ್ದರು. ಭಾವ ಅವರಿಗೆ ಎರಡೂ ಕೈ ಮುಗಿದರು. "ಈಗ ಬೇಡ, ಮತ್ತೆ ಹೇಳ್ತೇನೆ," ಎಂದು ಪಿಸುಗುಟ್ಟಿದರು. ಕಾರಿನ ಬಗ್ಗೆ ಕೇಳಿದವರಿಗೆ ಭಾವ ಉತ್ತರ ಕೊಡದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಮ್ಮ ಮಂಡಿ ಹಿಡಿದುಕೊಂಡು ಮೆಲ್ಲನೆ ಬಂದಳು. ಗಾಜಿಗೆ ಮುಖ ಹಚ್ಚಿ ನೋಡಿದಳು. ಒಳಗೆ ಎಸಿಯ ತಂಪಿನಲ್ಲಿ ಅಕ್ಕ ಬಾಯಿ ಸ್ವಲ್ಪ ತೆರೆದುಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಹಾಯಾಗಿ ಮಲಗಿದ್ದಳು. "ಚಿಕ್ಕದಿರುವಾಗ ಹೀಗೇ ಮಲಗುತ್ತಿದ್ದಳು," ಎಂದು ಅಮ್ಮ ಯಾರಿಗೋ ಹೇಳಿದಳು. ನಾವು ಮೂವರೂ ಬಿಸಿಲಿನಲ್ಲಿ ಗಾಜಿನೊಳಗೆ ಇಣುಕುತ್ತಾ ನಿಂತೆವು.

ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜು ಇಳಿಯಿತು.

"ಎಂತ, ಎಲ್ಲರೂ ಹೀಗೆ ನೋಡ್ತಾ ನಿಂತಿದ್ದೀರಿ? ಕಾರ್ಕಳ ಬಂತಾ?" ಎಂದಳು ಅಕ್ಕ. ಆಮೇಲೆ, "ಅಮ್ಮಾ, ಹಸಿವಾಗ್ತದೆ. ಊಟಕ್ಕೆ ಎಂತ ಉಂಟು?"

ಮದುವೆಯಾದ ಮೇಲೆ ಅವಳು ಬಂದ ಕೂಡಲೇ ಈ ಪ್ರಶ್ನೆ ಕೇಳಿದ್ದೇ ಇಲ್ಲ. ಅಮ್ಮ ನನ್ನನ್ನು ನೋಡಿದಳು. ಒಳಗಿದ್ದದ್ದು ಗಂಜಿ, ಉಪ್ಪಿನಕಾಯಿ.

"ಓಡು! ಪೇಟೆಗೆ ಓಡು, ಒಳ್ಳೆ ಬಂಗುಡೆ ಮೀನು ಉಂಟಾ ನೋಡು!" ಎಂದು ನನ್ನ ಬೆನ್ನಿಗೊಂದು ಗುದ್ದಿ, ಅದೇ ಕೈಯಿಂದ ಕಣ್ಣೊರೆಸಿಕೊಂಡಳು.

ನಾನು ಕಾರಿನ ಕೀಲಿಗೆ ಭಾವನ ಮುಂದೆ ಕೈ ಚಾಚಿದೆ. ಭಾವ ಕೊಡಲಿಲ್ಲ.

"ನಡ್ಕೊಂಡು ಹೋಗು ಮಾರಾಯ್ತಿ. ಅವಳು ಇನ್ನೂ ಇಳೀಲಿಲ್ಲ."

ಹೌದು, ಅಕ್ಕ ಇಳಿದಿರಲಿಲ್ಲ. ಸೀಟಿಗೆ ಒರಗಿ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ, ಅಮ್ಮನ ಕೈ ಹಿಡಿದುಕೊಂಡು ಏನೋ ಹೇಳಿ ನಗುತ್ತಿದ್ದಳು.