ಆಲೆಮನೆಗೆ ಹೋಗಿ ಕೆಟ್ಟ ನನ್ನ ಭಾಷಣ

ಸರಿಯಾದ ಉತ್ತರ ನನಗೆ ಯಾವಾಗಲೂ ಬಸ್ಸಿನಲ್ಲೇ ಹೊಳೆಯುವುದು. ಕೇಳಿದವರು ಎದುರಿಗಿದ್ದಾಗ ನಾಲಿಗೆ ಬೇರೇನೋ ಹೇಳಿಬಿಟ್ಟಿರುತ್ತದೆ. ಹೆಂಡತಿ ಬೆಳಿಗ್ಗೆ ಮಳವಳ್ಳಿಯಲ್ಲಿ ಕೇಳಿದ್ದಕ್ಕೆ ಮದ್ದೂರಿನಲ್ಲಿ ಉತ್ತರ ಸಿಗುತ್ತದೆ. ಆಫೀಸಿನಲ್ಲಿ ಕೇಳಿದ್ದಕ್ಕೆ ಮಳವಳ್ಳಿ ಹತ್ತಿರವಾದಾಗ. ಈ ಗುಣದಿಂದ ಇದುವರೆಗೆ ನಷ್ಟವಾಗುತ್ತಿದ್ದದ್ದು ನನಗೊಬ್ಬನಿಗೆ. ಕಳೆದ ತಿಂಗಳು ಇನ್ನೊಬ್ಬರಿಗೂ ಆಯಿತು. ಆದದ್ದನ್ನು ಆದ ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸೋಮನಹಳ್ಳಿಯ ಹೆದ್ದಾರಿ ಪಕ್ಕದ ಒಂದು ಮಹಡಿಯ ಮೇಲೆ ನಮ್ಮ ಪುಟ್ಟ ಆಫೀಸು. ಸುತ್ತಲಿನ ಸಣ್ಣ ಕಾರ್ಖಾನೆಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತೇವೆ. ಅಲ್ಲಿ ನಾನೂ ಪೂರಿಗಾಲಿಯ ಸವಿತಾ ಎಂಬ ಸಹೋದ್ಯೋಗಿಯೂ ಬಿಡುವಿನಲ್ಲಿ ‘ಫಂಕ್ಷನಲ್’ ಎಂಬ ಜಾತಿಯ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿತೆವು. ನಿಖರವಾಗಿ ಹೇಳಬೇಕೆಂದರೆ ಅವಳು ಕಲಿತಳು, ನಾನು ಮೆಚ್ಚಿಕೊಂಡೆ. ಮಾಮೂಲಿ ಪ್ರೋಗ್ರಾಮಿನಲ್ಲಿ ಒಂದು ಮೂಲೆಯಲ್ಲಿ ಯಾರೋ ಏನನ್ನೋ ಬದಲಾಯಿಸಿದರೆ ಇನ್ನೊಂದು ಮೂಲೆಯಲ್ಲಿ ಉತ್ತರ ತಪ್ಪುತ್ತದೆ. ಈ ಭಾಷೆಯಲ್ಲಿ ಹಾಗಿಲ್ಲ. ಫಂಕ್ಷನ್ನು, ಅಂದರೆ ಪ್ರೋಗ್ರಾಮಿನ ಒಂದೊಂದು ತುಣುಕು, ತನಗೆ ಕೊಟ್ಟದ್ದನ್ನು ಮಾತ್ರ ನೋಡುತ್ತದೆ. ಅದನ್ನೇ ಕೊಟ್ಟರೆ ಅದೇ ಉತ್ತರ. ಒಮ್ಮೆ ಇಟ್ಟ ಹೆಸರಿನ ಅರ್ಥ ಆಮೇಲೆ ಬದಲಾಗುವುದೂ ಇಲ್ಲ. ಇಷ್ಟನ್ನು ಈಗ ಹೇಳಿದಷ್ಟೇ ಸರಳವಾಗಿ ಅಂದು ಹೇಳಿದ್ದರೆ ಈ ಪ್ರಬಂಧದ ಅಗತ್ಯವೇ ಇರಲಿಲ್ಲ.

ಯಜಮಾನರಾದ ಶಿವಣ್ಣನವರು ಒಂದು ದಿನ ಕರೆದು, “ಒಸಾ ಕೆಲ್ಸ ಒಂದು ಬಂದದೆ ಸಾ. ನಿಮ್ ಭಾಸೆ ಏನು ಅಂತ ಎಲ್ರಿಗೂ ಒಸಿ ಹೇಳಿ. ಉಡುಗ್ರು ಒಪ್ಪುದ್ರೆ ಅದ್ರಲ್ಲೇ ಮಾಡವ, ಸವಿತಾನೇ ನೋಡ್ಕಳ್ಳಿ. ಇಲ್ದಿದ್ರೆ ಮಾಮೂಲಿ, ಕೆಂಪರಾಜು ನೋಡ್ಕತಾನೆ. ವಡೆ ಬರೋದ್ರೊಳ್ಗೆ ಮುಗ್ಸುಬುಡಿ” ಎಂದರು. ಸವಿತಾಳ ಕೈಗೆ ಒಂದು ಕೆಲಸ ಪೂರ್ತಿಯಾಗಿ ಬರುವುದು ಅದೇ ಮೊದಲಾಗುತ್ತಿತ್ತು. ನೀನೇ ಮಾತಾಡಮ್ಮ ಎಂದೆ. “ಹಿರಿಯರು ನೀವಿದ್ದೀರಲ್ಲ ಸಾ. ಒಂದು ಚಿಕ್ಕ ಪ್ರೋಗ್ರಾಂ ಓಡ್ಸಿ ತೋರ್ಸಿ, ಸಾಕು. ಉದಾರಣೆ ಗಿದಾರಣೆ ಬ್ಯಾಡ” ಎಂದಳು. ನಮ್ಮ ನೆಲದ ಉದಾಹರಣೆ ಇದ್ದರೆ ತಲೆಗೆ ಬೇಗ ಇಳಿಯುತ್ತದೆ ಎಂದು ನಾನೇ ಅವಳಿಗೆ ಉಪದೇಶ ಮಾಡಿದೆ.

ಚಹಾದ ಹೊತ್ತಿಗೆ ಎಲ್ಲರೂ ಸೇರಿದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: “ಫಂಕ್ಷನ್ ಅಂದರೆ ಒಂದು ಆಲೆಮನೆ ಅಂದುಕೊಳ್ಳಿ. ಕಬ್ಬು ಹಾಕಿದರೆ ಬೆಲ್ಲ ಬರುತ್ತೆ. ಅದೇ ಕಬ್ಬು ಹಾಕಿದರೆ ಯಾವತ್ತೂ ಅದೇ ಬೆಲ್ಲ.”

ಮದ್ದೂರು ಕಡೆಯವನಾದ ನಂಜುಂಡಿ ಲೋಟ ಕೆಳಗಿಟ್ಟ. ಅವನ ಮನೆಯವರದ್ದೇ ಒಂದು ಆಲೆಮನೆ ಇದೆಯೆಂಬುದು ನನಗೆ ಗೊತ್ತಿತ್ತು. ಆ ಕ್ಷಣಕ್ಕೆ ನೆನಪಾಗಲಿಲ್ಲ. “ಅದ್ಯಾವ ಆಲೆಮನೆ ಸಾ? ನಮ್ಮಪ್ಪಂಗೂ ಒಸಿ ತೋರ್ಸಿ” ಎಂದ.

“ಪಾಕಕ್ಕೆ ಆಕೋ ಸುಣ್ಣ ಒಂಚೂರು ಎಚ್ಚಾದ್ರೆ ಬಣ್ಣನೇ ಬೇರೆ ಕಣ್ಲಾ” ಎಂದ ಕೆಂಪರಾಜು.

“ಸುಣ್ಣ ಬುಡ್ಲಾ, ಮೋಡ ಆದ್ರೆ ಸಾಕು, ಪಾಕ ಗಟ್ಟಿ ಆಗಕಿಲ್ಲ” ಎಂದ ನಂಜುಂಡಿ.

“ಕಾಯ್ಸೋನು ಎಂಡ್ತಿ ಜೊತೆ ಜಗಳ ಆಡ್ಕೊಂಡು ಬಂದಿದ್ರೂ ಕೆಡ್ತದೆ ಕನ್ರಲಾ” ಎಂದವರು ಸ್ವತಃ ಶಿವಣ್ಣನವರು.

ಅಲ್ಲಿಗಾದರೂ ಆಲೆಮನೆಯಿಂದ ಹೊರಗೆ ಬರಬೇಕಿತ್ತು. ನಾನು ಇನ್ನೂ ಒಳಗೆ ಹೋದೆ. ಒಳ್ಳೆಯ ಆಲೆಮನೆಯಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದು ವಾದಿಸಿದೆ. ನೀವು ಆಲೆಮನೆಗೆ ಯಾವತ್ತಾರ ಓಗಿದ್ದೀರಾ ಸಾ ಎಂದು ನಂಜುಂಡಿ ಬಹಳ ಮರ್ಯಾದೆಯಿಂದ ಕೇಳಿದ. ಕಬ್ಬಿನ ಹಾಲು ಕುಡಿಯಲು ಹೋಗಿದ್ದೆ ಎಂದೆ. ಆ ನಗು ಕೆಳಗಿನ ರಸ್ತೆಯವರೆಗೆ ಕೇಳಿಸಿರಬೇಕು. ಸವಿತಾ ನಗಲಿಲ್ಲ. ಓಡಿಸಿ ತೋರಿಸಲೆಂದು ತೆರೆದಿಟ್ಟುಕೊಂಡಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. ಅಷ್ಟರಲ್ಲಿ ವಡೆ ಬಂತು.

ಉತ್ತರ ಹೊಳೆದದ್ದು ಸಂಜೆ, ಮದ್ದೂರಿನಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕುಳಿತ ಮೇಲೆ. ಸುಣ್ಣ, ಮೋಡ, ಕಾಯಿಸುವವನ ಸಂಸಾರ: ಹೊರಗಿನದು ಒಳಗೆ ಕೈ ಹಾಕಿ ಬೆಲ್ಲ ಕೆಡಿಸುತ್ತದೆ ಎಂದು ಅವರೇ ಹೇಳಿದ್ದರು. ನಮ್ಮ ಹಳೆಯ ಪ್ರೋಗ್ರಾಂಗಳ ರೋಗವೂ ಅದೇ! “ಹೌದಪ್ಪಾ, ನಿಮ್ಮ ಆಲೆಮನೆಯ ಕಷ್ಟ ಇಲ್ಲಿರಬಾರದು ಅಂತಲೇ ಈ ಭಾಷೆ” ಎಂದಿದ್ದರೆ ಸಾಕಿತ್ತು. ಅವರು ನನ್ನ ಭಾಷಣವನ್ನು ನನಗಿಂತ ಚೆನ್ನಾಗಿ ಮಾಡಿದ್ದರು. ನಾನು ಅದನ್ನು ಪಟ್ಟು ಹಿಡಿದು ವಿರೋಧಿಸಿದ್ದೆ. ಪಕ್ಕದವರು ನಿದ್ದೆಯಲ್ಲಿದ್ದರು. ಇಲ್ಲದಿದ್ದರೆ ಅವರಿಗಾದರೂ ಹೇಳಿಬಿಡುತ್ತಿದ್ದೆ.

ಮಾರನೆಯ ದಿನ ಬೇಗ ಹೋದೆ. ಕೆಂಪರಾಜು ನನಗಿಂತ ಬೇಗ ಬಂದು ಹಳೆಯ ಭಾಷೆಯಲ್ಲೇ ಆ ಹೊಸ ಕೆಲಸ ಶುರು ಮಾಡಿದ್ದ. ಬಸ್ಸಿನ ಉತ್ತರವನ್ನು ಸವಿತಾಳಿಗೆ ಪೂರ್ತಿ ಹೇಳಿದೆ. ಅವಳು ಸಮಾಧಾನವಾಗಿ ಕೇಳಿ, “ಚೆನ್ನಾಗದೆ ಸಾ. ನಿನ್ನೆ ಹೇಳಿದ್ರೆ ಇನ್ನೂ ಚೆನ್ನಾಗಿರದು” ಎಂದು ತನ್ನ ಕಂಪ್ಯೂಟರಿನ ಕಡೆ ತಿರುಗಿದಳು. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

ನಂಜುಂಡಿ ಮಾತ್ರ ಆಮೇಲೆ ಮನೆಯಿಂದ ಬೆಲ್ಲ ತಂದುಕೊಟ್ಟ. ಒಂದೇ ಗದ್ದೆಯ ಕಬ್ಬಿನ ಎರಡು ಉಂಡೆ. ಒಂದು ಹೊಂಬಣ್ಣ, ಇನ್ನೊಂದು ಕಪ್ಪು. ಅಂದಿನಿಂದ ಆಫೀಸಿನಲ್ಲಿ ನನ್ನನ್ನು ‘ಆಲೆಮನೆ ಸಾ’ ಎನ್ನುತ್ತಾರೆ. ಮೊನ್ನೆ ಸವಿತಾಳೂ ಬಾಯಿ ತಪ್ಪಿ ಹಾಗೆಯೇ ಕರೆದಳು. ಒಮ್ಮೆ ಇಟ್ಟ ಹೆಸರು ಆಮೇಲೆ ಬದಲಾಗುವುದಿಲ್ಲ ಎಂಬ ನನ್ನ ಭಾಷೆಯ ಆ ಒಂದು ನಿಯಮವನ್ನಾದರೂ ಎಲ್ಲರೂ ಸರಿಯಾಗಿ ಕಲಿತಿದ್ದಾರೆ.