ಲಿಥುವೇನಿಯಾದ ಕಡುಬು

ದುಬೈ ಫ್ಲಾಟಿನಲ್ಲಿ ಪಕ್ಕದ ಮನೆಯ ಅಡುಗೆ ನಮ್ಮ ಮನೆಗೂ ಬಾರದೆ ಇರುವುದಿಲ್ಲ. ನಮ್ಮ ಪಕ್ಕದವಳು ಲಿಥುವೇನಿಯಾದವಳು. ಹೆಂಗಸು ಬಲು ಒಳ್ಳೆಯವಳು, ಆದರೆ ಅವಳು ಒಲೆ ಹಚ್ಚಿದರೆ ಪೇಚಾಟ ನಮಗೆ.

ಗುಲಾಬಿ ಸಾರು

ಮೊದಲ ಸಲ ತಂದದ್ದು ಗುಲಾಬಿ ಬಣ್ಣದ ತಣ್ಣನೆ ಸಾರು. ಬೀಟ್‌ರೂಟ್, ಸೌತೆಕಾಯಿ, ಹುಳಿ ಮೊಸರು, ನಂಜಿಕೊಳ್ಳಲು ಬಿಸಿ ಬಟಾಟೆ. ನನ್ನ ಗಂಡ ಬಟ್ಟಲು ಬರಿದು ಮಾಡಿ ಹೊಗಳಿದರು. ಹೊಗಳಬಾರದಿತ್ತು.

"ನಮ್ಮೂರಲ್ಲಿ ಬೇಸಿಗೆ ಮುಗಿಯುವವರೆಗೆ ದಿನಾ ಇದೇ" ಎಂದಳು.

ಅಂದಿನಿಂದ ದಿನಾ ಬಂತು. ಮನೆ ಬಾಗಿಲಿಗೆ ತಂದದ್ದನ್ನು ಬೇಡವೆನ್ನುವುದು ಹೇಗೆ? ನವೆಂಬರಿನಲ್ಲಿ ಗಂಡ ಬಟ್ಟಲು ಹಿಡಿದು ಕೇಳಿದರು, "ಅಲ್ಲ ಮಾರಾಯ್ತಿ, ಈ ದುಬೈಯಲ್ಲಿ ಬೇಸಿಗೆ ಮುಗಿಯುವುದೇ ಇಲ್ಲ ಅಂತ ಅವಳಿಗೆ ಯಾರೂ ಹೇಳಲಿಲ್ವಾ?"

ಸಬ್ಬಸಿಗೆ

ಅವಳಿಗೆ ಸಾರು, ಬಟಾಟೆ, ಮೀನು ಎಲ್ಲದಕ್ಕೂ ಸಬ್ಬಸಿಗೆ ಸೊಪ್ಪು ಬೇಕು. ನನಗೆ ರೊಟ್ಟಿಗೆ, ವಡೆಗೆ ಬೇಕು. ಕೆಳಗಿನ ಅಂಗಡಿಯಲ್ಲಿ ಇಬ್ಬರಿಗೂ ಪೈಪೋಟಿ. ಒಂದು ದಿನ ಅಂಗಡಿಯ ಭಟ್ಕಳದ ಸಾಹೇಬರು ಕೈಯಲ್ಲಾಡಿಸಿದರು, "ಸಬ್ಬಸಿಗೆ ಖಲಾಸ್, ಅಕ್ಕ." ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಕೇಳ್ಲಾ? ನಿಮ್ಮ ಬಿಲ್ಡಿಂಗಲ್ಲಿ ಬಾಣಂತಿಯರು ಎಷ್ಟು ಜನ ಇದ್ದಾರೆ?"

ಅತ್ತೆಯ ಪರೀಕ್ಷೆ

ಒಂದು ಬೆಳಿಗ್ಗೆ ಪಕ್ಕದವಳು ಅಳುತ್ತಾ ಬಂದಳು. ಊರಿಂದ ಅವಳ ಅತ್ತೆ ಬಂದಿದ್ದರು. ಮಧ್ಯಾಹ್ನಕ್ಕೆ ಬಟಾಟೆ ತುರಿದು, ಹಿಂಡಿ, ಒಳಗೆ ಗಿಣ್ಣಿನಂಥ ಹೂರಣ ತುಂಬಿದ ಕಡುಬು ಆಗಬೇಕಿತ್ತು. ಅವರಲ್ಲಿ ಅದನ್ನು ಕುದಿವ ನೀರಿಗೆ ಬಿಡುತ್ತಾರೆ. ಇವಳು ಬಿಟ್ಟದ್ದೆಲ್ಲ ಒಡೆದು ಗಂಜಿಯಾಗಿತ್ತು.

"ಉಳಿದದ್ದೂ ಒಡೆದರೆ ಅತ್ತೆ ಊರಿಡೀ ಹೇಳಿಕೊಂಡು ಬರ್ತಾರೆ" ಎಂದು ಮೂಗೊರೆಸಿಕೊಂಡಳು.

ಅತ್ತೆ ಅಂದರೆ ಯಾವ ದೇಶದಲ್ಲಾದರೂ ಅತ್ತೆಯೇ. ಕಡುಬನ್ನು ನೀರಿಗೆ ಹಾಕುವುದು ಯಾವ ಬುದ್ಧಿ ಎಂದುಕೊಂಡು, ನಮ್ಮ ಇಡ್ಲಿ ಪಾತ್ರೆಯನ್ನು ಅವಳ ಒಲೆಯ ಮೇಲಿಟ್ಟು, ಉಳಿದ ಹಿಟ್ಟಿನ ಕಡುಬನ್ನು ಹಬೆಯಲ್ಲಿ ಬೇಯಿಸಿದೆ. ಒಂದೂ ಒಡೆಯಲಿಲ್ಲ.

ಅತ್ತೆ ಒಂದು ತಿಂದರು, ಇನ್ನೊಂದು ತಿಂದರು. ಆಮೇಲೆ ಎದ್ದು ಸೀದಾ ಅಡುಗೆಮನೆಗೆ ನಡೆದು ಪಾತ್ರೆಯ ಮುಚ್ಚಳ ತೆಗೆದರು. ನೀರಿಗೆ ಬಿಡದ್ದು ಗೊತ್ತಾಯಿತೆಂದು ಪಕ್ಕದವಳು ನನ್ನ ಬೆನ್ನ ಹಿಂದೆ ಅಡಗಿದಳು. ಮುದುಕಿ ಪಾತ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಎದೆಗವಚಿಕೊಂಡು, ಸೊಸೆಯ ಕೆನ್ನೆಗೆ ಮುತ್ತಿಟ್ಟರು. ಪಾಸು! ನಾನೂ ಖುಷಿಯಲ್ಲಿ ಬಾಯಿ ತಪ್ಪಿ, "ಇಟ್ಟುಕೊಳ್ಳಿ" ಎಂದುಬಿಟ್ಟೆ. ಅವರು ಇಟ್ಟುಕೊಂಡರು. ಮರುದಿನ ಪಾತ್ರೆ ವಿಮಾನ ಹತ್ತಿತು.

ಸಂಜೆ ಗಂಡ ಹೇಳಿದರು, "ಅಮ್ಮನ ವೀಸಾ ಆಯ್ತು ಕಣೇ, ಶುಕ್ರವಾರ ಬರ್ತಾರೆ. ಮದುವೇಲಿ ನಿನಗೆ ಕೊಟ್ಟ ಇಡ್ಲಿ ಪಾತ್ರೆ ಚೆನ್ನಾಗಿದೆಯಾ ಅಂತ ಕೇಳಿದ್ರು."